ಅಷ್ಟಭೋಗವಿಲ್ಲದ ಕ್ರಯ

ಕೊಳ್ಳುವುದು ಎಂಬ ಕ್ರಿಯೆಯ ಪೂರ್ಣಾರ್ಥವನ್ನು ತಿಳಿಯಬಯಸುವವರಿಗೆ ನಿಘಂಟಿಗಿಂತ ಹಳೆಯ ಭೂಮಿಪತ್ರಗಳೇ ಹೆಚ್ಚು ನೆರವಾಗುತ್ತವೆ. ವಿಜಯನಗರ ಕಾಲದ ದಾನಶಾಸನಗಳಲ್ಲಿಯೂ ಆ ಶೈಲಿಯನ್ನು ಬಿಡದೆ ಮುಂದುವರಿಸಿದ ನಂತರದ ಕ್ರಯಪತ್ರಗಳಲ್ಲಿಯೂ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟೇ ಆ ಭೋಗಗಳು. ನೆಲದೊಳಗೆ ಸಿಗುವ ಹೊನ್ನು, ಯಾರೋ ಹೂತಿಟ್ಟು ಮರೆತ ಗಂಟು, ಬಾವಿ ಕೆರೆಗಳ ನೀರು, ಕಲ್ಲುಬಂಡೆ, ಕುಂದದೆ ಬರುತ್ತಿರುವ ಆದಾಯ, ಮುಂದೆ ಬರಬಹುದಾದ ಲಾಭ, ಈಗಾಗಲೇ ಸಾಗುವಳಿಯಾಗಿರುವ ನೆಲ, ಇನ್ನು ಸಾಗುವಳಿಗೆ ತರಬಹುದಾದ ನೆಲ ಎಂದು ಇವುಗಳನ್ನು ಸ್ಥೂಲವಾಗಿ ವಿವರಿಸಬಹುದು. ಒಂದೆರಡು ಪದಗಳ ಅರ್ಥದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದ್ದರೂ ಬರೆಸಿಕೊಟ್ಟವನ ಇಂಗಿತದ ಬಗ್ಗೆ ಯಾರಿಗೂ ಸಂದೇಹವಿಲ್ಲ: ಕೊಟ್ಟದ್ದನ್ನು ಬೇರುಸಹಿತ ಕೊಟ್ಟಿದ್ದಾನೆ, ಆಚಂದ್ರಾರ್ಕವಾಗಿ, ಎಂದರೆ ಚಂದ್ರಸೂರ್ಯರಿರುವವರೆಗೆ, ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಹೋಗಿರೆಂದು ಹರಸಿ ಪಕ್ಕಕ್ಕೆ ಸರಿದಿದ್ದಾನೆ.

ಇಪ್ಪತ್ತೊಂದನೆಯ ಶತಮಾನದ ಗ್ರಾಹಕನು ಹಣ ತೆತ್ತು ಮನೆಗೆ ತರುವ ಫೋನು, ಟಿವಿ, ಪ್ರಿಂಟರ್, ಕಾರುಗಳನ್ನು ಈ ಎಂಟು ಭೋಗಗಳ ಒರೆಗಲ್ಲಿಗೆ ಹಚ್ಚಿ ನೋಡಿದರೆ ನಡೆದದ್ದು ಕ್ರಯವೋ ಗೇಣಿಯೋ ಎಂಬ ಶಂಕೆ ಹುಟ್ಟುತ್ತದೆ. ಭೂಮಿಪತ್ರದಲ್ಲಿ ಸ್ವತ್ತಿನ ನಾಲ್ಕು ದಿಕ್ಕುಗಳ ಎಲ್ಲೆಯನ್ನು ಗುರುತಿಸುವ ಚೆಕ್ಕುಬಂದಿ ಎಂಬ ಭಾಗವಿರುತ್ತದೆ. ಆಧುನಿಕ ಯಂತ್ರವೊಂದಕ್ಕೆ ಯಾರಾದರೂ ಚೆಕ್ಕುಬಂದಿ ಬರೆಯಲು ಕುಳಿತರೆ ಪೂರ್ವಕ್ಕೆ ಕಂಪನಿಯ ಸರ್ವರ್, ಪಶ್ಚಿಮಕ್ಕೆ ಕಂಪನಿಯ ಆ್ಯಪ್ ಅಂಗಡಿ, ಉತ್ತರಕ್ಕೆ ಕಂಪನಿಯ ಸರ್ವಿಸ್ ಸೆಂಟರ್, ದಕ್ಷಿಣಕ್ಕೆ ಕಂಪನಿಯ ವಕೀಲರು ಎಂದು ಬರೆಯಬೇಕಾಗುತ್ತದೆ. ಈ ಮಧ್ಯೆ ಇರುವ ಸ್ವತ್ತಿಗೆ ಹೋಗಿಬರಲು ದಾರಿಯ ಹಕ್ಕು ಮಾತ್ರ ಕೊಂಡವನದು, ಅದೂ ಪಾಸ್‌ವರ್ಡ್ ನೆನಪಿರುವವರೆಗೆ.

ಇಂಥ ಪತ್ರಕ್ಕೆ ಸಹಿ ಬೀಳುವ ಬಗೆಯೂ ಗಮನಾರ್ಹವಾದುದು. ಹಿಂದೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ, ಊರ ನಾಲ್ವರ ಸಾಕ್ಷಿ ಹಾಕಿಸಿ, ಸಹಿ ಬಾರದವನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಈಗ ಓದುಬರಹ ಬಲ್ಲವರೆಲ್ಲರೂ ‘ಒಪ್ಪಿದ್ದೇನೆ’ ಎಂಬ ಗುಂಡಿಯ ಮೇಲೆ ಅದೇ ಹೆಬ್ಬೆಟ್ಟನ್ನು ಒತ್ತುತ್ತಾರೆ. ಓದದೆ ಒತ್ತುವುದರಲ್ಲಿ ಸಾಕ್ಷರರಿಗೂ ನಿರಕ್ಷರಿಗಳಿಗೂ ಇದ್ದ ಅಂತರವನ್ನು ತಂತ್ರಜ್ಞಾನವು ಅಳಿಸಿಹಾಕಿರುವುದು ಅದರ ಸಮಾಜವಾದಿ ಸಾಧನೆಯೆಂದೇ ಹೇಳಬೇಕು. 2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಎಂಬ ವಿಡಿಯೋ ಆಟಗಳ ಅಂಗಡಿಯು ತನ್ನ ಷರತ್ತುಗಳ ನಡುವೆ ಗ್ರಾಹಕನ ಅಮರ ಆತ್ಮದ ಮೇಲಿನ ಹಕ್ಕು ತನಗೆ ಸೇರತಕ್ಕದ್ದೆಂಬ ಸಾಲೊಂದನ್ನು ತಮಾಷೆಗೆ ಸೇರಿಸಿತ್ತು. ಸುಮಾರು 7,500 ಮಂದಿ ಅದಕ್ಕೆ ಒಪ್ಪಿಗೆ ಕೊಟ್ಟರು. ಬೇಡವೆಂದು ಗುರುತು ಹಾಕಿದವರಿಗೆ ಐದು ಪೌಂಡಿನ ರಿಯಾಯಿತಿ ಚೀಟಿ ಇತ್ತು. ಆತ್ಮವನ್ನು ಉಳಿಸಿಕೊಂಡದ್ದಕ್ಕೆ ನಗದು ಲಾಭ ಸಿಕ್ಕ ಪ್ರಸಂಗಗಳು ಪುರಾಣಗಳಲ್ಲಿಯೂ ವಿರಳ.

ಮೊದಲ ಎರಡು ಭೋಗಗಳಾದ ನಿಧಿ ನಿಕ್ಷೇಪಗಳು ಇಂದು ಮಾಹಿತಿಯ ರೂಪದಲ್ಲಿವೆ. ಮನೆಯವರು ಏನನ್ನು ಎಷ್ಟು ಹೊತ್ತು ನೋಡುತ್ತಾರೆ ಎಂಬ ತಿಳಿವಳಿಕೆ ಜಾಹೀರಾತುದಾರರಿಗೆ ಹೂತಿಟ್ಟ ಹೊನ್ನಿಗೆ ಸಮಾನವಾದುದರಿಂದ, ಅದನ್ನು ಅಗೆಯುವ ಗುದ್ದಲಿಯನ್ನು ಟಿವಿಯೊಳಗೇ ಇಟ್ಟು ಮಾರುವ ಪದ್ಧತಿ ಬೆಳೆಯಿತು. ವಿಜಿಯೊ ಕಂಪನಿಯ 1.1 ಕೋಟಿ ಟಿವಿಗಳು ನೋಡುಗರಿಗೆ ತಿಳಿಸದೆ ಅವರ ವೀಕ್ಷಣೆಯ ವಿವರಗಳನ್ನು ಸಂಗ್ರಹಿಸುತ್ತಿದ್ದವೆಂಬ ಆರೋಪದ ಮೇಲೆ 2017ರಲ್ಲಿ ಅದು ಅಮೆರಿಕದ ಸರ್ಕಾರಿ ಸಂಸ್ಥೆಗಳೊಡನೆ 22 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಭಾಗಿಸಿ ನೋಡಿದರೆ ಟಿವಿಯೊಂದಕ್ಕೆ ಇಪ್ಪತ್ತು ಸೆಂಟು ಬೀಳುತ್ತದೆ. ಮನೆಮಂದಿಯೆಲ್ಲ ಟಿವಿ ನೋಡುತ್ತಿದ್ದರೆಂಬುದು ಅರ್ಧಸತ್ಯ. ಟಿವಿಯೂ ಅವರನ್ನು ಗಮನಿಸುತ್ತಿತ್ತೆಂಬುದು ಉಳಿದರ್ಧ.

ಮೂರನೆಯ ಭೋಗವಾದ ಜಲವು ಪ್ರಿಂಟರಿನಲ್ಲಿ ಇಂಕಿನ ರೂಪವನ್ನು ತಳೆಯುತ್ತದೆ. ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಅದಕ್ಕೆ ಬೇಕಾದ ಇಂಕಿನಲ್ಲಿ ಲಾಭ ತೆಗೆಯುವುದು ಈ ಉದ್ಯಮದ ಹಳೆಯ ಲೆಕ್ಕಾಚಾರವಾಗಿರುವುದರಿಂದ, ಗ್ರಾಹಕನು ಬೇರೆಯವರ ಬಾವಿಯಿಂದ ನೀರು ತಾರದಂತೆ ಕಾರ್ಟ್ರಿಡ್ಜ್ ಎಂಬ ಇಂಕಿನ ಡಬ್ಬಿಯೊಳಗೆ ಚಿಪ್ಪೊಂದನ್ನು ಕಾವಲಿಡಲಾಗುತ್ತದೆ. 2016ರ ಸೆಪ್ಟೆಂಬರ್ 13ರಂದು ಎಚ್‌ಪಿ ಕಂಪನಿಯ ಹಲವು ಪ್ರಿಂಟರ್‌ಗಳು ಅದುವರೆಗೆ ತಕರಾರಿಲ್ಲದೆ ಬಳಸುತ್ತಿದ್ದ ಅನ್ಯ ಕಂಪನಿಗಳ ಕಾರ್ಟ್ರಿಡ್ಜ್‌ಗಳನ್ನು ಏಕಕಾಲದಲ್ಲಿ ನಿರಾಕರಿಸಿದವು. ಕೂಗು ಎದ್ದ ಮೇಲೆ ಕಂಪನಿಯು ವಿಷಯವನ್ನು ಸರಿಯಾಗಿ ತಿಳಿಸದಿದ್ದುದಕ್ಕೆ ಕ್ಷಮೆ ಕೇಳಿ ಆ ತಡೆಯನ್ನು ತೆಗೆಯುವ ತಂತ್ರಾಂಶವನ್ನು ಒದಗಿಸಿತು. ಇದಕ್ಕಿಂತ ಸೂಕ್ಷ್ಮವಾದದ್ದು ತಿಂಗಳ ಚಂದಾ ಪದ್ಧತಿ. ಇದರಲ್ಲಿ ಹಣ ತೆರುವುದು ಅಚ್ಚಾಗುವ ಪುಟಗಳ ಲೆಕ್ಕಕ್ಕೆ. ಚಂದಾ ನಿಲ್ಲಿಸಿದರೆ ಡಬ್ಬಿಯಲ್ಲಿ ಇಂಕು ತುಂಬಿದ್ದರೂ ಪ್ರಿಂಟರ್ ಅದನ್ನು ಮುಟ್ಟುವುದಿಲ್ಲ. ಬಾವಿ ಹಿತ್ತಲಿನಲ್ಲಿದೆ, ನೀರು ಬಾವಿಯಲ್ಲಿದೆ, ಹಗ್ಗ ಮಾತ್ರ ಕಂಪನಿಯಿರುವ ಕ್ಯಾಲಿಫೋರ್ನಿಯದಲ್ಲಿದೆ.

ನಾಲ್ಕನೆಯದಾದ ಪಾಷಾಣವನ್ನು ಸದ್ಯಕ್ಕೆ ಬದಿಗಿಟ್ಟು ಐದನೆಯದಾದ ಅಕ್ಷೀಣಿಗೆ ಬರುವುದು ಯುಕ್ತ. ಕ್ಷೀಣಿಸದಿರುವುದು ಎಂಬರ್ಥದ ಈ ಪದಕ್ಕೆ ಉದ್ಯಮಲೋಕವು ಒಂದು ಶತಮಾನದಿಂದ ವಿರುದ್ಧ ಭಾಷ್ಯವನ್ನು ಬರೆಯುತ್ತ ಬಂದಿದೆ. 1924ರಲ್ಲಿ ಜಿನೀವಾದಲ್ಲಿ ಕಲೆತ ಪ್ರಮುಖ ಬಲ್ಬು ತಯಾರಕರು ಬಲ್ಬೊಂದು ಸಾವಿರ ಗಂಟೆಗಿಂತ ಹೆಚ್ಚು ಬಾಳಬಾರದೆಂದು ತಮ್ಮೊಳಗೆ ಗೊತ್ತುಮಾಡಿಕೊಂಡು, ಹೆಚ್ಚು ಬಾಳುವ ಬಲ್ಬು ತಯಾರಿಸಿದ ಸದಸ್ಯ ಕಂಪನಿಗೆ ದಂಡ ವಿಧಿಸುವ ಏರ್ಪಾಟನ್ನೂ ಮಾಡಿದರು; ಅದಕ್ಕೂ ಮೊದಲು ಒಂದೂವರೆ ಎರಡು ಸಾವಿರ ಗಂಟೆ ಉರಿಯುವ ಬಲ್ಬುಗಳು ಮಾರುಕಟ್ಟೆಯಲ್ಲಿದ್ದವು. ಒಳ್ಳೆಯ ಕೆಲಸಕ್ಕೆ ಜುಲ್ಮಾನೆ ಹಾಕಿದ ಈ ಕೂಟದ ಹೆಸರು ಫೀಬಸ್, ಎಂದರೆ ಗ್ರೀಕರ ಸೂರ್ಯದೇವ. ಆಚಂದ್ರಾರ್ಕ ಎಂಬಲ್ಲಿನ ಅರ್ಕನಿಗೆ ಸಾವಿರ ಗಂಟೆಯ ಆಯುಸ್ಸನ್ನು ಗೊತ್ತುಪಡಿಸಿದ ಕೀರ್ತಿ ಹೀಗೆ ಬಲ್ಬು ಕಂಪನಿಗಳಿಗೆ ಸಲ್ಲುತ್ತದೆ. ಬಳಿಕ 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಕಂಪನಿಯು ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ತನ್ನ ತಂತ್ರಾಂಶ ಕುಗ್ಗಿಸುತ್ತಿರುವುದು ನಿಜವೆಂದು ಒಪ್ಪಿಕೊಂಡಿತು. ದಣಿದ ಬ್ಯಾಟರಿ ಹಠಾತ್ತನೆ ಕೈಕೊಟ್ಟು ಫೋನು ಆರಿಹೋಗದಿರಲಿ ಎಂಬುದು ಅದಕ್ಕೆ ಕೊಟ್ಟ ಸಮಜಾಯಿಷಿ, ಅದರಲ್ಲಿ ತಾಂತ್ರಿಕ ಸತ್ಯವೂ ಇತ್ತು. ಆದರೆ ಹೊಸ ಬ್ಯಾಟರಿ ಹಾಕಿದರೆ ಸಾಕೆಂಬ ಗುಟ್ಟನ್ನು ಬಿಟ್ಟುಕೊಡದಿದ್ದುದರಿಂದ ಎಷ್ಟೋ ಮಂದಿ ಹೊಸ ಫೋನನ್ನೇ ಕೊಂಡರೆಂಬುದು ಗ್ರಾಹಕರ ದೂರಾಗಿತ್ತು. 2020ರಲ್ಲಿ ಕಂಪನಿಯು ತಪ್ಪನ್ನು ಒಪ್ಪದೆಯೇ 50 ಕೋಟಿ ಡಾಲರ್‌ವರೆಗೆ ಪರಿಹಾರ ಕೊಡಲು ಒಪ್ಪಿತು.

ಆರನೆಯ ಭೋಗವಾದ ಆಗಾಮಿ, ಎಂದರೆ ಮುಂದೆ ಬರುವ ಲಾಭ, ಇಂದಿಗೂ ಪೂರ್ಣವಾಗಿ ಜೀವಂತವಾಗಿದೆ. ಅದು ಹರಿಯುವ ದಿಕ್ಕು ಮಾತ್ರ ಬದಲಾಗಿದೆ. ಕೊಂಡವನ ಪಾಲಿಗೆ ಬರುವುದು ಅಪ್‌ಡೇಟ್, ಎಂದರೆ ದೂರದಿಂದಲೇ ಯಂತ್ರದ ತಂತ್ರಾಂಶವನ್ನು ತಿದ್ದುವ ಕ್ರಿಯೆ. ಅದು ಕೊಡುವುದೂ ಉಂಟು, ಕಿತ್ತುಕೊಳ್ಳುವುದೂ ಉಂಟು. ಸೋನಿ ಕಂಪನಿಯ ಪ್ಲೇಸ್ಟೇಷನ್ 3 ಎಂಬ ವಿಡಿಯೋ ಆಟದ ಯಂತ್ರದಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನೂ ನಡೆಸುವ ಸೌಲಭ್ಯವಿತ್ತು. 2010ರ ಏಪ್ರಿಲ್ 1ರ ಅಪ್‌ಡೇಟಿನಲ್ಲಿ ಸೋನಿ ಅದನ್ನು ತೆಗೆದುಹಾಕಿತು. ಆತ್ಮಗಳು ಮಾರಾಟವಾದದ್ದೂ ಅದೇ ದಿನ ಎಂಬುದನ್ನು ಇತಿಹಾಸಕಾರರು ಗಮನಿಸಬೇಕು. ಕಂಪನಿಯ ಪಾಲಿಗೆ ಬರುವ ಆಗಾಮಿಯಾದರೋ ತಿಂಗಳು ತಿಂಗಳಿಗೆ ಕಡಿತವಾಗುವ ಚಂದಾಹಣ. ಅದನ್ನು ಶುರುಮಾಡಲು ಒಂದು ಒತ್ತು ಸಾಕಾದರೂ ನಿಲ್ಲಿಸಲು ಎಷ್ಟು ಒತ್ತು ಬೇಕೆಂಬುದಕ್ಕೆ ಸರ್ಕಾರಿ ಲೆಕ್ಕವೇ ಇದೆ. ಅಮೆಜಾನ್ ಪ್ರೈಮ್ ಸದಸ್ಯತ್ವವನ್ನು ರದ್ದುಮಾಡಲು ನಾಲ್ಕು ಪುಟ, ಆರು ಒತ್ತು, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಹೂಡಿದ ದಾವೆಯಲ್ಲಿ ಹೇಳಿತು. ಕಂಪನಿಯೊಳಗೆ ಈ ವ್ಯವಸ್ಥೆಗೆ ‘ಇಲಿಯಡ್’ ಎಂಬ ಹೆಸರಿತ್ತೆಂಬುದೂ ಆ ದಾವೆಯಲ್ಲಿದೆ. ದೀರ್ಘಯುದ್ಧದ ಮಹಾಕಾವ್ಯದ ಹೆಸರನ್ನಿಟ್ಟವರ ಸಾಹಿತ್ಯಾಭಿರುಚಿಯನ್ನು ಮೆಚ್ಚಬೇಕಾದುದೇ, ಆದರೆ ಆ ಹೆಸರಿನ ಮೊದಲೆರಡು ಅಕ್ಷರಗಳನ್ನು ಕೇಳಿದೊಡನೆ ಕನ್ನಡದ ಕಿವಿಗೆ ಹೊಳೆಯುವುದು ಬೋನು. ಈ ಮೊಕದ್ದಮೆಯನ್ನು 2025ರಲ್ಲಿ ಮುಗಿಸಲು ಕಂಪನಿಗೆ 250 ಕೋಟಿ ಡಾಲರ್ ಬೇಕಾಯಿತು.

ಸಿದ್ಧ ಎಂದರೆ ಈಗಾಗಲೇ ಅಲ್ಲಿರುವುದು. ಅಲ್ಲಿಯೇ ಇರುವುದನ್ನು ಮಾಲೀಕನಿಗೆ ಸಿಗದಂತೆ ಇಡುವ ಕಲೆಗೆ 2022ರ ಕಾರುಗಳು ನಿದರ್ಶನ. ಕೂರುವ ಸೀಟನ್ನು ಬೆಚ್ಚಗೆ ಮಾಡುವ ತಂತಿಗಳನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ಮಾರಿದ ಬಿಎಂಡಬ್ಲ್ಯೂ, ಆ ಬಿಸಿಯನ್ನು ಅನುಭವಿಸಲು ದಕ್ಷಿಣ ಕೊರಿಯ ಮುಂತಾದ ಕಡೆ ತಿಂಗಳಿಗೆ ಸುಮಾರು 18 ಡಾಲರ್ ಬೆಲೆ ಕಟ್ಟಿತು. ತಂತಿ, ಬ್ಯಾಟರಿ, ಸೀಟು ಮೂರೂ ಗ್ರಾಹಕನವು. ಬಿಸಿ ಮಾತ್ರ ಕಂಪನಿಯದು. ಜನರ ತಲೆ ಉಚಿತವಾಗಿಯೇ ಬಿಸಿಯಾದುದನ್ನು ಕಂಡು ಮರುವರ್ಷ ಕಂಪನಿಯು ಈ ಯೋಜನೆಯನ್ನು ಕೈಬಿಟ್ಟಿತು.

ಸಾಧ್ಯ ಎಂಬ ಎಂಟನೆಯ ಭೋಗವು ಕೊಂಡದ್ದನ್ನು ತನ್ನ ಕೈಯಾರೆ ರಿಪೇರಿ ಮಾಡಿ, ಮಾರ್ಪಡಿಸಿ, ಹೊಸ ಉಪಯೋಗಕ್ಕೆ ತರುವ ಹಕ್ಕಿಗೆ ಹೊಂದುತ್ತದೆ. 2015ರಲ್ಲಿ ಜಾನ್ ಡಿಯರ್ ಎಂಬ ಟ್ರ್ಯಾಕ್ಟರ್ ಕಂಪನಿಯು ಅಮೆರಿಕದ ಕಾಪಿರೈಟ್ ಕಚೇರಿಯ ಮುಂದೆ ವಾದಿಸುತ್ತ, ರೈತನಿಗೆ ಸಿಗುವುದು ಟ್ರ್ಯಾಕ್ಟರ್ ಬಾಳುವಷ್ಟು ಕಾಲ ಅದನ್ನು ಓಡಿಸುವ ಪರವಾನಗಿ ಎಂಬ ಅರ್ಥದ ಮಾತನ್ನಾಡಿತು. ಅದರ ತಂತ್ರಾಂಶವು ಕಂಪನಿಯ ಸ್ವತ್ತಾದುದರಿಂದ ಬಿಚ್ಚಿ ನೋಡುವಂತಿಲ್ಲವೆಂಬುದು ವಾದದ ತಿರುಳು. ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಗೇಣಿದಾರರ ಮನೆಮನೆಯ ಮಾತಾಗಿತ್ತು. ಆ ಘೋಷಣೆಯನ್ನು ಅಮೆರಿಕದ ಜೋಳದ ಹೊಲಗಳಿಗೆ ಕೊಂಡೊಯ್ದರೆ ತಿದ್ದುಪಡಿಗೊಂದು ತಿದ್ದುಪಡಿ ಬೇಕಾಗುತ್ತದೆ: ಉಳುವವನು ಹೊಲದೊಡೆಯನೇನೋ ಹೌದು, ಉಳುವುದಕ್ಕೆ ಮಾತ್ರ ಆತ ಗೇಣಿದಾರ.

ಹಳೆಯ ದಾನಶಾಸನಗಳ ಕೊನೆಯಲ್ಲಿ ಶಾಪಾಶಯವೆಂಬ ಭಾಗವಿರುತ್ತದೆ. ಕೊಟ್ಟ ಭೂಮಿಯನ್ನು ಮರಳಿ ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಎಚ್ಚರಿಕೆ ಅದರಲ್ಲಿ ಬರುತ್ತದೆ. ಇಂದಿನ ಷರತ್ತುಪತ್ರಗಳಲ್ಲಿಯೂ ಶಾಪಾಶಯ ಉಂಟು, ಆದರೆ ಅದು ತಗಲುವುದು ಪಡೆದವನಿಗೆ. ಕೊಟ್ಟವನಿಗೆ ಯಾವ ಹೊತ್ತಿನಲ್ಲಿಯೂ ಷರತ್ತು ಬದಲಿಸುವ, ಸೇವೆ ನಿಲ್ಲಿಸುವ ಸ್ವಾತಂತ್ರ್ಯವಿದೆ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿಯು ಕಿಂಡಲ್ ಎಂಬ ಇ-ಪುಸ್ತಕ ಓದುವ ಯಂತ್ರದೊಳಗೆ ಜನರು ಹಣ ಕೊಟ್ಟು ಇಳಿಸಿಕೊಂಡಿದ್ದ ಕೆಲವು ಪುಸ್ತಕಗಳ ಪ್ರತಿಗಳನ್ನು, ಮಾರಿದವರಿಗೆ ಪ್ರಕಟಣೆಯ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ದೂರದಿಂದಲೇ ಅಳಿಸಿ ಹಣವನ್ನು ಮರಳಿಸಿತು. ಹಾಗೆ ಮಾಯವಾದವುಗಳಲ್ಲಿ ಸರ್ಕಾರಕ್ಕೆ ಬೇಡವಾದ ದಾಖಲೆಗಳು ಹೇಳಹೆಸರಿಲ್ಲದೆ ಅಳಿಯುವ ಕಥೆಯುಳ್ಳ ಜಾರ್ಜ್ ಆರ್ವೆಲ್‌ರ ‘1984’ ಕಾದಂಬರಿಯೂ ಇತ್ತು. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಳಿಕ ಕ್ಷಮೆ ಯಾಚಿಸಿದರು. ಹುಳುವಿನ ಜನ್ಮದ ಮಾತು ಯಾರೂ ಎತ್ತಲಿಲ್ಲ.

ಕಾನೂನು ಈ ಸ್ಥಿತಿಯನ್ನು ಸರಿಪಡಿಸಲು ಹೊರಟಾಗ ಮೊದಲು ಕೈಹಾಕಿದ್ದು ವಸ್ತುವಿಗಲ್ಲ, ಪದಕ್ಕೆ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯದಲ್ಲಿ, ಸಿಗುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸಿನಿಮಾ, ಪುಸ್ತಕ, ಆಟಗಳ ಪಕ್ಕದಲ್ಲಿ ‘ಕೊಳ್ಳಿ’ ಎಂಬ ಪದವನ್ನು ಹಾಕುವಂತಿಲ್ಲ. ರೋಗ ವಾಸಿಯಾಗದಿದ್ದರೂ ರೋಗದ ಹೆಸರನ್ನಾದರೂ ಸರಿಯಾಗಿ ಬರೆಯಬೇಕೆಂಬ ಈ ನಿಲುವು ವೈಯಾಕರಣರಿಗೆ ತೃಪ್ತಿ ತರುವಂಥದು. ಭಾರತದಲ್ಲಿ 2023ರ ನವೆಂಬರ್ 30ರಂದು ಹೊರಬಿದ್ದ ಮಾರ್ಗಸೂಚಿಗಳು ಗ್ರಾಹಕನ ಕಣ್ಣುಕಟ್ಟುವ ವಿನ್ಯಾಸಗಳಾದ ಡಾರ್ಕ್ ಪ್ಯಾಟರ್ನ್‌ಗಳನ್ನು ಹದಿಮೂರು ಬಗೆಯಾಗಿ ವಿಂಗಡಿಸಿವೆ. ಕೇಳದ ಸಾಮಾನನ್ನು ಬುಟ್ಟಿಗೆ ನುಸುಳಿಸುವುದು, ಬೆಲೆಯನ್ನು ತೊಟ್ಟುತೊಟ್ಟಾಗಿ ಏರಿಸುವುದು, ವಿಮೆ ಬೇಡವೆಂದವನಿಂದ ‘ಅಸುರಕ್ಷಿತನಾಗಿಯೇ ಇರುತ್ತೇನೆ’ ಎಂದು ಒತ್ತಿಸಿ ನಾಚಿಸುವುದು ಇವೇ ಮೊದಲಾದವು ಆ ಪಟ್ಟಿಯಲ್ಲಿವೆ. ನಾಯಿಕಾಭೇದ, ಅಲಂಕಾರಭೇದಗಳನ್ನು ಎಣಿಸಿದ ಲಾಕ್ಷಣಿಕರ ನಾಡಿನಲ್ಲಿ ಮೋಸಕ್ಕೂ ಒಂದು ಲಕ್ಷಣಗ್ರಂಥ ಸಿದ್ಧವಾದುದು ಆಶ್ಚರ್ಯವಲ್ಲ.

ಇನ್ನು ಬದಿಗಿಟ್ಟಿದ್ದ ಪಾಷಾಣ. ಮನೆಯ ದೀಪ, ಬಾಗಿಲುಗಳನ್ನು ಫೋನಿನಿಂದಲೇ ನಡೆಸುವ ರಿವಾಲ್ವ್ ಎಂಬ 300 ಡಾಲರಿನ ಯಂತ್ರವಿತ್ತು. ಅದನ್ನು ತಯಾರಿಸಿದ ಕಂಪನಿಯನ್ನು ಗೂಗಲ್ ಬಳಗದ ನೆಸ್ಟ್ ಕೊಂಡುಕೊಂಡಿತು, 2016ರ ಮೇ 15ರಂದು ಸರ್ವರನ್ನು ಮುಚ್ಚಿತು, ಮನೆಮನೆಗಳಲ್ಲಿ ಕೆಡದೆ ಸವೆಯದೆ ಕುಳಿತಿದ್ದ ಯಂತ್ರಗಳೆಲ್ಲ ಒಮ್ಮೆಗೇ ಕಲ್ಲಾದವು. ಅಹಲ್ಯೆಗೆ ಪಾದಸ್ಪರ್ಶದ ಭರವಸೆಯಾದರೂ ಇತ್ತು. ಇವುಗಳ ವಿಮೋಚನೆಗೆ ಬರಬೇಕಾದವನು ಇಲಾಖೆಯನ್ನೇ ಮುಚ್ಚಿ ಹೋಗಿದ್ದ. ಎಂಟು ಭೋಗಗಳಲ್ಲಿ ಏಳನ್ನು ಉಳಿಸಿಕೊಂಡ ಉದ್ಯಮವು ನಾಲ್ಕನೆಯದನ್ನು ಮಾತ್ರ ಯಾವ ಷರತ್ತೂ ಇಲ್ಲದೆ ಗ್ರಾಹಕನಿಗೆ ಬಿಟ್ಟುಕೊಡುತ್ತದೆ. ಕಂಪನಿ ಕೈಬಿಟ್ಟ ಕ್ಷಣದಿಂದ ಆ ಕಲ್ಲು ಸಂಪೂರ್ಣವಾಗಿ ಆತನದೇ. ಅದಕ್ಕೆ ಚಂದಾ ಇಲ್ಲ, ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ. ಹಳೆಯ ಚಾರ್ಜರು, ನಿಂತ ಪ್ರಿಂಟರು, ಆರಿದ ಫೋನುಗಳೊಡನೆ ಅಟ್ಟದ ಮೇಲೆ ಸೇರುವ ಆ ಪ್ಲಾಸ್ಟಿಕ್ಕಿನ ಪಾಷಾಣವು ಕೊಳೆಯುವುದೂ ಇಲ್ಲ, ಕರಗುವುದೂ ಇಲ್ಲವಾದುದರಿಂದ, ಪುತ್ರಪೌತ್ರ ಪಾರಂಪರ್ಯವಾಗಿ ಆಚಂದ್ರಾರ್ಕ ಅನುಭವಿಸಲು ಯಾರ ಅಡ್ಡಿಯೂ ಇರುವುದಿಲ್ಲ.