ನಮ್ಮ ಹೊಳೆ ಹೋಗಿ ಮುಟ್ಟುವ ಪರದೇಶ

"ಅಕ್ಕಾರ, ಪೋರ್ಚುಗಲ್‌ಕ್ಕ ಹೋಗಿ ಬರಾಕ ಎಷ್ಟ ರೊಕ್ಕ ಬೇಕಾಗ್ತಾವ?"

ಬೆಳಿಗ್ಗೆ ದಾಸವಾಳದ ಬೇಲಿಗೆ ನೀರು ಹಾಕುತ್ತಿದ್ದಾಗ ಬಾಜೂ ಮನೆಯ ವೈನಿ ಕೇಳಿದರು. ಪುಣೆಯಲ್ಲಿ ನೌಕರಿ ಮಾಡುವ ಅವರ ಮಗಳು ಗೆಳತಿಯ ಜೊತೆ ಪೋರ್ಟೊ ಎಂಬ ಊರಿಗೆ ಹೊರಟಿದ್ದಾಳೆ. ಪಗಾರದಲ್ಲಿ ಉಳಿಸಿದ ದುಡ್ಡು, ಆದಷ್ಟು ಕಡಿಮೆ ಖರ್ಚಿನಲ್ಲಿ ಹೋಗಿಬರಬೇಕೆಂಬ ಹಟ. ವೈನಿ ಬೇಲಿಯ ಮೇಲಿಂದ ಫೋನು ಚಾಚಿ ಫೋಟೊ ತೋರಿಸಿದರು. ಡೌರೊ ನದಿ. ದಂಡೆಗುಂಟ ಕೆಂಪು ಹಂಚಿನ ಮನೆಗಳು ಗುಡ್ಡದ ಓರೆಯಲ್ಲಿ ಒಂದರ ಹೆಗಲ ಮೇಲೊಂದು ನಿಂತಿವೆ. ನಡುವೆ 1886ರ ಎರಡು ಅಂತಸ್ತಿನ ಕಬ್ಬಿಣದ ಸೇತುವೆ. ಗೋಡೆಗಳ ಮೇಲೆ ನೀಲಿ ಚಿತ್ರದ ಬಿಲ್ಲೆಗಳು. ಎಲ್ಲೋ ನೋಡಿದ ಊರು ಅನ್ನಿಸಿತು.

"ವೈನಿ, ಇಂಥಾ ಊರಿಗೆ ನಮ್ಮಜ್ಜಿ ಬುತ್ತಿ ಕಟಗೊಂಡ ಹೋಗಿ ಬರತಿದ್ಲು. ಅದೂ ಪರದೇಶನ. ಖಾನಾಪುರದಾಗ ರೈಲು ಹತ್ತತಿದ್ಲು" ಅಂದೆ.

ಅವರು ನಂಬಲಿಲ್ಲ. ಒಳಗೆ ಹೋಗಿ ಅಜ್ಜಿಯ ಕುಂಕುಮದ ಭರಣಿ ತಂದೆ. ಅದರ ತಳದಲ್ಲಿ ಒಂದು ಟಾಂಗಾ ನಾಣ್ಯವಿದೆ. ಕುಂಕುಮ ಮೆತ್ತಿ ಅಂಚು ಕೆಂಪಾಗಿದ್ದರೂ ಪೋರ್ಚುಗೀಸರ ಲಾಂಛನ ಬೆರಳಿಗೆ ಹತ್ತುತ್ತದೆ. ಇಂಥ ಹದಿನಾರು ಸೇರಿದರೆ ಗೋವೆಯ ಒಂದು ರುಪಿಯಾ. ವೈನಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ತಿರುವಿ ನೋಡಿದರು.

ಗೋವೆ ನಮ್ಮ ದೇಶಕ್ಕೆ ಸೇರಿದ್ದು 1961ರ ಡಿಸೆಂಬರ್ 19ಕ್ಕೆ. ಅಲ್ಲಿಯವರೆಗೆ ಬೆಳಗಾವಿ, ಖಾನಾಪುರದವರಿಗೆ ಪಕ್ಕದ ಪಣಜಿಯೇ ಪರದೇಶದ ಹೊಳೆದಂಡೆಯ ಪಟ್ಟಣ. ಪೋರ್ಟೊದ ಆ ಸೇತುವೆ ಮುಗಿದು ಎರಡೇ ವರ್ಷಕ್ಕೆ, 1888ರಲ್ಲಿ, ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕಿನವರೆಗೆ ಘಟ್ಟ ಹತ್ತಿ ರೈಲು ಬಂತು. 37 ಅಡಿ ನಡೆದರೆ ಒಂದಡಿ ಏರು, ಅಂಥ ಕಡಿದಾದ ದಾರಿ. ಲೋಂಡಾ ದಾಟಿ ಕ್ಯಾಸಲ್‌ರಾಕ್ ಬಂದರೆ ನಮ್ಮ ಗಡಿ ಮುಗಿಯಿತು. ಕೆಳಗೆ ಕುಳೆ ಸ್ಟೇಷನ್ನಿನಲ್ಲಿ ಇನ್ನೊಂದು ಸರಕಾರ.

ಬೆಳಗಾವಿಯ ನಮ್ಮ ಕೋಟೆಯಿಂದಲೇ ಆ ದಾರಿ ಹಿಡಿದ ಒಬ್ಬರನ್ನು ನೆನೆಯದೆ ಈ ಮಾತು ಮುಂದುವರಿಯುವುದಿಲ್ಲ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಿದ್ದರು. ಮೊದಲು ಭಾಟೆಯವರ ಮನೆಯಲ್ಲಿ, ಆಮೇಲೆ ಅರಣ್ಯ ಇಲಾಖೆಯ ಹರಿಪದ ಮಿತ್ರರ ಮನೆಯಲ್ಲಿ ಇದ್ದರು. ಆ ಮನೆ ಕೋಟೆಯೊಳಗಿನ ರಾಮಕೃಷ್ಣ ಆಶ್ರಮದಲ್ಲಿ ಇಂದಿಗೂ ಇದೆ. ಅಲ್ಲಿಂದ ಅವರು ಹೊರಟದ್ದು ಗೋವೆಗೆ. ಸನ್ಯಾಸಿಯ ಕೈಯಲ್ಲಿ ದುಡ್ಡಿಲ್ಲ, ಟಿಕೀಟು ತೆಗೆಸಿ ರೈಲಿಗೆ ಕೂಡಿಸಿದವರು ಮಿತ್ರರು. ರಾಶೋಲ್ ಸೆಮಿನರಿಯಲ್ಲಿ ಕ್ರೈಸ್ತ ಧರ್ಮದ ಗ್ರಂಥಗಳನ್ನು ಓದಲು ಹೋದರೆಂದು ಹೇಳುತ್ತಾರೆ. ಮುಂದಿನ ವರ್ಷ ಶಿಕಾಗೊಗೆ ಹೋದವರು ಮೊದಲು ದಾಟಿದ ಪರದೇಶದ ಗಡಿಗಳಲ್ಲಿ ನಮ್ಮ ಕ್ಯಾಸಲ್‌ರಾಕೂ ಒಂದು ಎಂಬುದು ನನಗೆ ಬಹಳ ಅಭಿಮಾನದ ಸಂಗತಿ.

ಅಜ್ಜಿ ಹೋಗುತ್ತಿದ್ದುದು ಪಣಜಿಗೆ ಕೊಟ್ಟ ತಂಗಿಯನ್ನು ಕಾಣಲು. ಹಿಂದಿನ ರಾತ್ರಿಯೇ ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಧೋತರದ ಹಳೇ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದಳಂತೆ. ತಂಗಿಗೆ ಮುತ್ತುಗದ ಎಲೆಯಲ್ಲಿ ಸುತ್ತಿದ ಕುಂದಾ ಬೇರೆ. ಗಡಿಯಲ್ಲಿ ಗಂಟು ಬಿಚ್ಚಿ ತೋರಿಸಬೇಕು, ಮತ್ತೆ ಕಟ್ಟಬೇಕು. ಮಡಗಾಂವದಲ್ಲಿ ಇಳಿದು, ಜುವಾರಿಯನ್ನು ದೋಣಿಯಲ್ಲಿ ದಾಟಿ, ದೀಪ ಹಚ್ಚುವ ಹೊತ್ತಿಗೆ ತಂಗಿಯ ಮನೆ. ಊಟಕ್ಕೆ, ಮಲಗುವುದಕ್ಕೆ ದಮ್ಮಡಿ ಖರ್ಚಿಲ್ಲ. ತಿರುಗಿ ಬರುವಾಗ ಗೋಡಂಬಿ, ಕೋಕಂ, ಒಂದು ಬಾಟಲಿ ಕೊಬ್ಬರಿ ಎಣ್ಣೆ.

1955ರ ಆಗಸ್ಟ್ 15ರಂದು ಗೋವೆಯ ಬಿಡುಗಡೆಗಾಗಿ ಒಳಗೆ ಹೊಕ್ಕ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಅದರ ಬೆನ್ನಿಗೇ ಗಡಿ ಮುಚ್ಚಿತು, ರೈಲು ನಿಂತಿತು. ನಮ್ಮ ಸಂತೆಯ ಕಾಯಿಪಲ್ಲೆ ತಿನ್ನುತ್ತಿದ್ದ ಗೋವೆಗೆ ಆಲೂಗಡ್ಡೆ ಹಡಗಿನಲ್ಲಿ ಹಾಲೆಂಡಿನಿಂದ ಬರತೊಡಗಿತು. ಅಜ್ಜಿ ಆರು ವರ್ಷ ತಂಗಿಯ ಮುಖ ನೋಡಲಿಲ್ಲ. ಆ ನಡುವೆ ತಂಗಿಗೆ ಹುಟ್ಟಿದ ಮಗು ಶಾಲೆಗೆ ಹೋಗುವಷ್ಟು ದೊಡ್ಡದಾಗಿತ್ತು. 1961ರ ಚಳಿಗಾಲದಲ್ಲಿ ಬೆಳಗಾವಿಯ ಸುತ್ತ ಸೈನ್ಯ ಜಮಾಯಿಸಿದಾಗ ಊರ ಮಂದಿ ಯುದ್ಧದ ಮಾತಾಡುತ್ತಿದ್ದರಂತೆ. ಅಜ್ಜಿ ಮಾತ್ರ ಜೋಳ ಬೀಸಿಟ್ಟುಕೊಂಡಳಂತೆ, ದಾರಿ ತೆರೆದ ದಿನ ರೊಟ್ಟಿಗೆ ತಡ ಆಗಬಾರದೆಂದು.

ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ವೈನಿಯೂ ಸುಮ್ಮನಾದರು.

ಆಮೇಲೆ ಮಗಳ ಲೆಕ್ಕಕ್ಕೆ ಬಂದೆವು. ಪೋರ್ಚುಗಲ್ಲಿಗೆ ಬೇಕಾದ ಶೆಂಗೆನ್ ವೀಸಾದ ಶುಲ್ಕ 90 ಯೂರೊ. ಮೇಲೆ ಕನಿಷ್ಠ 30,000 ಯೂರೊ ಮೊತ್ತದ ವಿಮೆ ಮಾಡಿಸಲೇಬೇಕು. ಬ್ಯಾಂಕಿನ ಕಾಗದ ತೋರಿಸಬೇಕು. ಅಲ್ಲಿ ಹಾಸ್ಟೆಲ್ಲುಗಳಿವೆ, ಒಂದೇ ಕೋಣೆಯಲ್ಲಿ ಆರೆಂಟು ಮಂಚ, ಕೆಲವು ಕಡೆ ಅಡುಗೆಮನೆಯೂ ಉಂಟು. ಹೋಟೆಲಿಗಿಂತ ಎಷ್ಟೋ ಅಗ್ಗ. ಊರು ಸಣ್ಣದು, ನಡೆದೇ ನೋಡಬಹುದು. ನಡೆಯುವುದಕ್ಕಿಂತ ಅಗ್ಗದ ಪ್ರವಾಸ ಯಾವುದಿದೆ?

"ಕುಂದಾ ಕೊಟ್ಟ ಕಳಸಬೇಕಂತ ಮಾಡೇನ್ರಿ" ಅಂದರು ವೈನಿ.

"ಬ್ಯಾಡ್ರಿ. ಹೊರಗಿನವರು ಹಾಲಿನ ಪದಾರ್ಥ ತಂದ್ರ ಯುರೋಪಿನವರು ಒಳಗ ಬಿಡೂದಿಲ್ಲ. ರೊಟ್ಟಿ ಕೊಡ್ರಿ, ತಿಂಗಳಾದ್ರೂ ಕೆಡೂದಿಲ್ಲ."

ಹುಡುಗಿ ಹೋಗಲಿ, ಖಂಡಿತ ಹೋಗಲಿ. ಆದರೆ ಡೌರೊ ನೋಡುವ ಮೊದಲು ನಮ್ಮ ಮಹದಾಯಿಯನ್ನು ನೋಡಲಿ ಎಂಬುದು ನನ್ನ ಆಸೆ. ಖಾನಾಪುರ ತಾಲೂಕಿನ ಕಾಡು ಎರಡು ಹೊಳೆಗಳ ತವರು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಣಕ್ಕೆ ತಿರುಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಭೀಮಗಡದ ಕಾಡಿನ ದೇಗಾಂವದಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿಯಾಗಿ, ಪಣಜಿಯ ಕಾಲು ತೊಳೆದು ಸಮುದ್ರಕ್ಕೆ ಹೋಗುತ್ತಾಳೆ. ಇತ್ತೀಚೆಗೆ ಈ ಹೊಳೆಯ ಹೆಸರು ಕಿವಿಗೆ ಬೀಳುವುದು ನೀರಿನ ವ್ಯಾಜ್ಯದ ನ್ಯಾಯಮಂಡಳಿಯ ಸುದ್ದಿಯಲ್ಲಿ ಮಾತ್ರ. ಅದರ ದಂಡೆಯಲ್ಲಿ ಕೂತು ಕಾಲು ಇಳಿಬಿಟ್ಟವರು ನಮ್ಮ ಓಣಿಯಲ್ಲಿ ಎಷ್ಟು ಜನ ಇದ್ದೇವೆ?

ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟು ಇಳಿದರೆ ಬೆಳಿಗ್ಗೆ ಬಸ್ಸು ಹತ್ತಿದವರಿಗೆ ಪಣಜಿಯಲ್ಲಿ ಮಧ್ಯಾಹ್ನದ ಊಟ. ಕದಂಬ ಸಾರಿಗೆಯ ಬಸ್ಸಿನ ಹೆಸರೇ ನಮ್ಮದು. ಗೋವೆಯ ಕದಂಬರು ಖಾನಾಪುರದ ಹಲಸಿಯನ್ನೂ ಆಳಿದವರು, ಅಲ್ಲಿನ ಭೂವರಾಹ ನರಸಿಂಹ ಗುಡಿ 1169ರದು. ಪಣಜಿಯ ಹೊಳೆದಂಡೆಯ ಹಳೇ ಸಚಿವಾಲಯ ಮೊದಲು ವಿಜಾಪುರದ ಆದಿಲ್‌ಶಾಹಿಯವರ ಅರಮನೆ. ಅಲ್ಲಿಂದ ಸ್ವಲ್ಪ ನಡೆದರೆ ಮೆನೆಜಿಸ್ ಬ್ರಾಗಾಂಝಾ ಸಂಸ್ಥೆಯ ಗೋಡೆಯಲ್ಲಿ ಪೋರ್ಟೊದ್ದೇ ತರಹದ ನೀಲಿ ಬಿಲ್ಲೆಗಳ ಚಿತ್ರ. ಫೊಂಟೈನ್ಯಾಸ್ ಓಣಿಗಳಲ್ಲಿ ಹಳದಿ, ನೀಲಿ ಬಣ್ಣದ ಮನೆ, ಹೊರಬಾಗಿದ ಬಾಲ್ಕನಿ, ಮಧ್ಯಾಹ್ನ ಮುಚ್ಚಿಕೊಳ್ಳುವ ಕಿಟಕಿ. ಸಂಜೆ ಬೆತಿಮಿಗೆ ಹೋಗುವ ಫೆರಿ ಹತ್ತಬೇಕು. ನಡೆದು ಹತ್ತುವವರಿಗೆ ಟಿಕೀಟಿಲ್ಲ. ನಟ್ಟನಡುವಿನಲ್ಲಿ ಎಂಜಿನ್ನಿನ ಸದ್ದಿಗೆ ಕಾಲ ಕೆಳಗಿನ ಕಬ್ಬಿಣ ಅದುರುತ್ತದೆ, ಉಪ್ಪುಗಾಳಿ ಮುಖಕ್ಕೆ ಹೊಡೆಯುತ್ತದೆ. ಸರಳು ಹಿಡಿದು ನೀರು ನೋಡುವಾಗ ಇದರಲ್ಲಿ ದೇಗಾಂವದ ಮಳೆಯೂ ಇದೆ ಅನ್ನಿಸಿ ನನಗೆ ಪ್ರತಿ ಸಲ ಮೈ ಜುಂ ಎನ್ನುತ್ತದೆ.

"ಅಕ್ಕಾರ, ನಾ ಇಷ್ಟ ವರ್ಷಾತು ಬೆಳಗಾವ್ಯಾಗ, ಗೋವಾಕ್ಕ ಮದವಿಗೆ ಹೋಗಿ ಬಂದೇನಿ. ಆ ಫೆರಿ ಒಮ್ಮೆನೂ ಹತ್ತಿಲ್ರಿ" ಅಂದರು ವೈನಿ, ನಾಣ್ಯ ಹಿಂದಕ್ಕೆ ಕೊಡುತ್ತ.

"ಮಗಳು ಮುಂದಿನ ವಾರ ಬರತಾಳಲಾ? ಮೂವರೂ ಹೋಗೂಣು. ಮುಂಜಾನೆ ಮೊದಲನೇ ಬಸ್ಸಿಗೆ."

"ರೊಟ್ಟಿ ನಾ ಬಡೀತೀನ್ರಿ."

"ಚಟ್ನಿ ನಂದು. ಎರಡ ಲಿಂಬಿಹಣ್ಣ ಚೀಲದಾಗ ಇಟಗೋರಿ, ಚೋರ್ಲಾದ ತಿರುವಿನಾಗ ಹೊಟ್ಟಿ ತೊಳಸ್ತದ."