ಪರೀಕ್ಷೆಗೆ ಕುಂತ ಡಾಕ್ಟರ್ ಬಾಯಿ

ಹಳ್ಳಿಯಲ್ಲಿ ಪರೀಕ್ಷೆಗೆ ಓದುವವರಿಗೆ ಒಂದು ಮರ್ಯಾದೆ ಇದೆ. ಎಸ್ಸೆಸ್ಸೆಲ್ಸಿ ಹುಡುಗನಿದ್ದ ಮನೆಯಲ್ಲಿ ಟಿ.ವಿ. ದನಿ ಇಳಿಯುತ್ತದೆ. ಪಿಯುಸಿ ಹುಡುಗಿಯಿದ್ದ ಮನೆಯಲ್ಲಿ ಕಸ ಹೊಡೆಯುವ ಪಾಳಿ ತಂಗಿಗೆ ವರ್ಗವಾಗುತ್ತದೆ. ಆದರೆ ಈ ಮರ್ಯಾದೆಗೆ ವಯಸ್ಸಿನ ಮಿತಿ ಇದೆ. ಇಪ್ಪತ್ತೆಂಟು ದಾಟಿದ ಮೇಲೆ, ಹೆಸರಿನ ಮುಂದೆ 'ಡಾ.' ಬಿದ್ದ ಮೇಲೂ 'ಪರೀಕ್ಷಾ ಅದ' ಎಂದು ಪುಸ್ತಕ ಹಿಡಿದು ಕೂತರೆ ಊರಿಗೆ ಅನುಮಾನ ಬರುತ್ತದೆ. ಎಂ.ಬಿ.ಬಿ.ಎಸ್. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ನಡುವೆ ನೀಟ್ ಎಂಬ ಗಂಡಾಂತರ, ಅದರ ಮೇಲೆ ಎಂ.ಎಸ್. ಮೂರು ವರ್ಷ. ಲೆಕ್ಕ ಕೇಳಿಸಿಕೊಂಡ ಕಟ್ಟೆಯ ಮೇಲಿನ ಹಿರಿಯರೊಬ್ಬರು ಸಹಜವಾಗಿಯೇ ಕೇಳುತ್ತಾರೆ: "ಅಲ್ಲವಾ ತಂಗಿ, ಹಡೆಯೂದ ಒಂಬತ್ತ ತಿಂಗಳದಾಗ ಮುಗೀತದ. ಹಡಿಸೂದು ಕಲಿಯಾಕ ಇಷ್ಟ ವರ್ಷ ಬೇಕೇನು?"

ಇದಕ್ಕೆ ಪ್ರಸೂತಿ ಶಾಸ್ತ್ರದ ದಪ್ಪ ಗ್ರಂಥ ವಿಲಿಯಮ್ಸ್‌ನಲ್ಲೂ ಉತ್ತರವಿಲ್ಲ.

ನಾನು ಹೇಳುತ್ತಿರುವುದು ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದ ಫೈನಲ್ ಇಯರ್ ಪಿ.ಜಿ. ಎಂಬ ಜೀವದ ಬಗ್ಗೆ. ವಿಜಯಪುರದಲ್ಲಿ 1984ರಿಂದ ಅಲ್-ಅಮೀನ್, 1986ರಿಂದ ಬಿ.ಎಂ. ಪಾಟೀಲ ಎಂದು ಎರಡು ಮೆಡಿಕಲ್ ಕಾಲೇಜುಗಳಿರುವುದರಿಂದ ಈ ಭಾಗದಲ್ಲಿ ಡಾಕ್ಟರು ಕಾಣುವುದು ಅಪರೂಪವಲ್ಲ. ಅಪರೂಪ ಅಂದರೆ ಅವರು ಓದುವ ರಜೆಗೆಂದು ತಿಕೋಟಾ ತಾಲೂಕಿನ ಘೋಣಸಗಿಯಂಥ ತಮ್ಮ ಊರಿಗೆ ಬರುವುದು. ಹಾಸ್ಟೆಲಿನಲ್ಲಿ ಗದ್ದಲ, ವಾರ್ಡಿನವರು ಫೋನ್ ಮಾಡುತ್ತಾರೆ, ಊರಲ್ಲಿ ಶಾಂತವಾಗಿ ಓದಬಹುದು ಎಂದು ನಂಬಿ ಬರುತ್ತಾರೆ ಪಾಪ. ಊರು ಇವರನ್ನು 'ಡಾಕ್ಟರ್ ಬಾಯಿ' ಎನ್ನುತ್ತದೆ. ನಾವೂ ಹಾಗೇ ಕರೆಯೋಣ.

ಮನೆಯಲ್ಲಿ ಜನ ಜಾಸ್ತಿ. ಹಾಗಾಗಿ ಬಾಯಿಯ ಓದು ತೋಟದ ಒಣದ್ರಾಕ್ಷಿ ಶೆಡ್ಡಿನಲ್ಲಿ. ದ್ರಾಕ್ಷಿ ಕಟಾವಾಗಿ ಶೆಡ್ಡಿಗೆ ಬರುವವರೆಗೆ ಅದು ಖಾಲಿ. ಒಂದರ ಮೇಲೊಂದು ಜಾಳಿಗೆಯ ಅಂತಸ್ತು, ನಾಲ್ಕೂ ಕಡೆಯಿಂದ ಗಾಳಿ. ಹಣ್ಣು ಒಣಗಿಸಲು ಕಟ್ಟಿದ ಜಾಗದಲ್ಲಿ ಈಗ ಬಾಯಿ ಒಣಗುತ್ತಾಳೆ. ಕೆಳಗಿನ ಅಂತಸ್ತಿನಲ್ಲಿ ಡಿ.ಸಿ. ದತ್ತಾ ಮತ್ತು ಶಾ, ಅಂದರೆ ಎಂ.ಬಿ.ಬಿ.ಎಸ್. ಕಾಲದ ಹಳೇ ನೆಂಟರು. ನಡುವೆ ಆರಿಯಾಸ್ ಮತ್ತು ಇಯಾನ್ ಡೊನಾಲ್ಡ್. ಮೇಲೆ 1903ರಿಂದ ಅಚ್ಚಾಗುತ್ತ, ಪ್ರತಿ ಸಲ ಇನ್ನಷ್ಟು ಉಬ್ಬುತ್ತ ಬಂದ ವಿಲಿಯಮ್ಸ್. ಅದರ ಭಾರಕ್ಕೆ ಜಾಳಿಗೆ ಜೋತುಬಿದ್ದದ್ದನ್ನು ನೋಡಿದ ಕಾಕಾ, "ಒಂದ ಕ್ವಿಂಟಲ್ ಮಣೂಕ ತಾಳ್ಯಾವ ಇವು, ನಿನ್ನ ಪುಸ್ತಕ ತಾಳವಲ್ಲವು" ಎಂದು ಕೆಳಗೊಂದು ಬಿದಿರು ಕೊಟ್ಟು ಹೋದ.

ಈ ಕಾಕಾನೇ ಮೊದಲ ಎಕ್ಸಾಮಿನರ್. ಬಾಯಿ ಕಣ್ಣುಮುಚ್ಚಿ ಶತಪಥ ತಿರುಗುತ್ತ ಬಸುರಿಯ ಝಟಕೆಗೆ ಕೊಡುವ ಮದ್ದಿನ ಲೆಕ್ಕ ಒಪ್ಪಿಸುತ್ತಿರುತ್ತಾಳೆ. ಪ್ರಿಚರ್ಡ್ ಎಂಬ ಪುಣ್ಯಾತ್ಮ ಹಾಕಿಕೊಟ್ಟ ಕ್ರಮ: ಮ್ಯಾಗ್ನೀಸಿಯಂ ಸಲ್ಫೇಟ್ ನಾಲ್ಕು ಗ್ರಾಂ ನರಕ್ಕೆ, ಐದೈದು ಗ್ರಾಂ ಎರಡೂ ಕುಂಡಿಗೆ, ಒಟ್ಟು 14. ಆಮೇಲೆ ನಾಲ್ಕು ತಾಸಿಗೊಮ್ಮೆ ಐದು. ಪ್ರತಿ ಸಲ ಕೊಡುವ ಮೊದಲು ಮೊಣಕಾಲಿನ ಝಟ್ ನೋಡಬೇಕು, ಉಸಿರು ಎಣಿಸಬೇಕು, ಮೂತ್ರ ಅಳೆಯಬೇಕು. ಔಷಧದ ಪಂಪು ಬೆನ್ನಿಗೇರಿಸಿಕೊಂಡು ಹೊರಟ ಕಾಕಾ ನಿಂತುಬಿಟ್ಟ.

"ಮ್ಯಾಗ್ನೀಸಿಯಂ ಸಲ್ಫೇಟಾ? ನಮ್ಮ ದ್ರಾಕ್ಷಿಗೂ ಅದನ್ನ ಹಾಕ್ತೀವಲ್ಲ. ಅಲ್ಲೇ ಚೀಲ ಅದ ನೋಡು."

ಹೌದು, ಆಕೆ ಇಷ್ಟು ದಿನ ಕಾಲು ಚಾಚಿ ಒರಗಿ ಕೂತದ್ದು ಅದೇ ಚೀಲಕ್ಕೆ. ಎಲೆ ಹಳದಿಯಾದರೆ ಕಾಕಾ ಅದನ್ನು ಕಿಲೋ ಲೆಕ್ಕದಲ್ಲಿ ಹಾಕುತ್ತಾನೆ. ಮೊಣಕಾಲು ನೋಡುವ ರಗಳೆಯಿಲ್ಲ. ಬಾಯಿ ನಕ್ಕು, ಹೆಚ್ಚಾದರೆ ಉಸಿರು ನಿಲ್ಲುತ್ತದೆ, ಆಗ ಕ್ಯಾಲ್ಸಿಯಂ ಗ್ಲುಕೋನೇಟ್ ಒಂದು ಗ್ರಾಂ ಕೊಡಬೇಕು ಎಂದಳು. ಕಾಕಾ ಗಂಭೀರನಾದ. "ನಾವೂ ಕ್ಯಾಲ್ಸಿಯಂ ನೈಟ್ರೇಟ್ ಕೊಡ್ತೀವಿ. ಆದ್ರ ಎರಡೂ ಒಂದ ಟ್ಯಾಂಕಿನ್ಯಾಗ ಕೂಡಸಬಾರದು, ಗಸಿ ಕುಂಡ್ರತದ. ನಿಮ್ಮ ಸಾಲ್ಯಾಗ ಇದನ್ನ ಹೇಳ್ಯಾರೋ ಇಲ್ಲೋ?" ಹೇಳಿರಲಿಲ್ಲ. ಬಾಯಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.

ಎರಡನೆಯ ಎಕ್ಸಾಮಿನರ್ ಆಯಿ. ಈಕೆ ವಿಷಯತಜ್ಞೆ. ಒಂದು ಕಾಲಕ್ಕೆ ನಾಲ್ಕು ಓಣಿಯ ಹೆರಿಗೆಗೆ ಕೈ ಹಚ್ಚಿದವಳು. ತುಮಕೂರು ಜಿಲ್ಲೆ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದ ದಿನದಿಂದ ತನಗೂ ಒಂದು ಬರಬೇಕಿತ್ತು ಎಂಬ ಭಾವ ಅವಳ ಮುಖದಲ್ಲಿ ಸುಳಿದಾಡುತ್ತಿರುತ್ತದೆ. ಎಂ.ಎಸ್. ಪ್ರ್ಯಾಕ್ಟಿಕಲ್‌ನಲ್ಲಿ ಒಂದು ಟೇಬಲ್ ಇರುತ್ತದೆ. ಅಲ್ಲಿ ಕಟಿಯ ಎಲುಬಿನಗೂಡು ಒಂದು, ಬಟ್ಟೆಗೊಂಬೆ ಒಂದು. ಗೊಂಬೆಯ ತಲೆ ಗೂಡಿನೊಳಗೆ ಹೇಗೆ ಇಳಿದು, ಬಾಗಿ, ತಿರುಗಿ, ಎತ್ತಿ ಹೊರಬರುತ್ತದೆ ಎಂದು ಕೈಯಲ್ಲಿ ಮಾಡಿ ತೋರಿಸಬೇಕು. ನೂರಾರು ಜೀವಂತ ಕೂಸುಗಳನ್ನು ಸಲೀಸಾಗಿ ಹಿಡಿದವರು ಈ ಗೊಂಬೆಯ ಮುಂದೆ ಬೆವರುತ್ತಾರೆ. ಯಾಕೆಂದರೆ ಜೀವಂತ ಕೂಸು ತಾನಾಗಿ ತಿರುಗುತ್ತದೆ. ಗೊಂಬೆಗೆ ಆ ಬುದ್ಧಿ ಇಲ್ಲ.

ಶೆಡ್ಡಿನಲ್ಲಿ ಎಲುಬಿನಗೂಡು ಎಲ್ಲಿಂದ ಬರಬೇಕು? ಬಾಯಿ ಕೊಡ ಹೊರುವ ಸಿಂಬಿ ತಂದಳು. ಗೊಂಬೆ ಅಣ್ಣನ ಮಗಳದು. ಸಿಂಬಿಯೊಳಗೆ ತನ್ನ ಗೊಂಬೆಯ ತಲೆ ತುರುಕಿದ್ದನ್ನು ನೋಡಿದ ಆ ಹುಡುಗಿ, ಸಾಕ್ಷಾತ್ ಹೆರಿಗೆಯಲ್ಲೂ ಯಾರೂ ಒದರದ ಹಾಗೆ ಒದರಿತು. ಬಾಯಿ ಬಿಡಲಿಲ್ಲ. "ಎಂಗೇಜ್‌ಮೆಂಟ್, ಡಿಸೆಂಟ್, ಫ್ಲೆಕ್ಷನ್..." ಎನ್ನುತ್ತ ಒಂದು ಕೈಯಿಂದ ಮಗುವನ್ನು ದೂರವಿಟ್ಟು ಇನ್ನೊಂದು ಕೈಯಿಂದ ಗೊಂಬೆಯನ್ನು ಹೊರಗೆಳೆದಳು. ಸೊಪ್ಪು ಸೋಸುತ್ತಿದ್ದ ಆಯಿ ತಲೆಯೆತ್ತದೆ ಅಂದಳು: "ಹೊಳ್ಳಿಸಲಾರದ ಜಗ್ಗಿದಿ. ತಲಿ ಬಂತು, ಭುಜ ಸಿಕ್ಕೊಂಡ್ತು."

ಎಕ್ಸ್‌ಟರ್ನಲ್ ರೊಟೇಷನ್ ಬಿಟ್ಟುಹೋಗಿತ್ತು. ವೈವಾದಲ್ಲಾಗಿದ್ದರೆ ಅಲ್ಲಿಗೆ ಕಥೆ ಮುಗಿದಂತೆ.

ಹಾಗಂತ ಆಯಿಯನ್ನು ಮೇಲಕ್ಕೇರಿಸಿ ಆಧುನಿಕ ವಿಜ್ಞಾನಕ್ಕೆ ಪಾಠ ಹೇಳಿಸುವ ಲೇಖನ ಇದಲ್ಲ. ಅಂಥವು ಬೇಕಾದಷ್ಟು ಬರುತ್ತವೆ. ಇದೇ ಆಯಿ ಹೆರಿಗೆಯಾದ ಮೊದಲ ದಿನದ ಗಿಣ್ಣಹಾಲು ಹಿಂಡಿ ಚೆಲ್ಲಬೇಕು, ಬಾಣಂತಿಗೆ ಗುಟುಕು ನೀರೂ ಕೊಡಬಾರದು ಎನ್ನುವವಳು. ಆ ಎರಡು ಪ್ರಶ್ನೆಯಲ್ಲಿ ಬಾಯಿ ಆಕೆಯನ್ನು ನಪಾಸು ಮಾಡಿದ್ದಾಳೆ. ಆಯಿ ಮರುಮೌಲ್ಯಮಾಪನಕ್ಕೆ ಹಾಕಿದ್ದಾಳೆ.

ಇನ್ನು ರೋಗಿಗಳು. 'ಬಾಯಿ ಓದಾಕ್ಹತ್ತ್ಯಾಳ, ಯಾರೂ ಹೋಗಬ್ಯಾಡ್ರಿ' ಎಂದು ಅವ್ವ ಹೇಳಿದ್ದು ಊರ ತುಂಬ ಜಾಹೀರಾತಾಯಿತು. ಎಳ್ಳಮಾಸಿಯ ದಿನ ಹೊಲಕ್ಕೆ ಬಂದವರು ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು, ಮೆಲ್ಲಗೆ ಶೆಡ್ಡಿನ ಕಡೆ ಸರಿದರು. ಮುಂದೆ ಪಕ್ಕದ ಹೊಲದ ಸೊಸೆ, ಕೈಯಲ್ಲಿ ತಾಯಿ ಕಾರ್ಡು. ಬಾಯಿಗೆ ಸಿಟ್ಟು ಬರಬೇಕಿತ್ತು, ಆಸೆ ಬಂತು. ಪ್ರ್ಯಾಕ್ಟಿಕಲ್‌ಗೆ ಲಾಂಗ್ ಕೇಸ್ ರೂಢಿಯಾಗಬೇಕಲ್ಲ.

"ಕಡೀಕ ಯಾವಾಗ ಹೊರಗಾಗಿದ್ದಿ?"

"ಕಾರಹುಣ್ಣಿವಿ ಇನ್ನಾ ನಾಕ ದಿನ ಇತ್ರಿ. ನಮ್ಮವ್ರು ಎತ್ತಿನ ಕೋಡಿಗೆ ಬಣ್ಣಾ ತರಾಕ ತಿಕೋಟಾಕ್ಕ ಹೋಗಿದ್ರು."

ಬಾಯಿ ಮೊಬೈಲಿನಲ್ಲಿ ಪಂಚಾಂಗ ತೆರೆದಳು. 2025ರ ಕಾರಹುಣ್ಣಿಮೆ ಜೂನ್ 11. ನಾಲ್ಕು ದಿನ ಹಿಂದೆ ಅಂದರೆ ಜೂನ್ 7. ಜರ್ಮನಿಯ ನೇಗೆಲೆ ಹೇಳಿದ ಸೂತ್ರ: ಒಂಬತ್ತು ತಿಂಗಳು ಮತ್ತು ಏಳು ದಿನ ಕೂಡಿಸು. 2026ರ ಮಾರ್ಚ್ 14. ಅಷ್ಟರಲ್ಲಿ ಹೋಳಿಗೆ ಮುರಿಯುತ್ತಿದ್ದ ಆಯಿ, "ಯುಗಾದಿ ನಾಕೈದ ದಿನ ಇರತನ" ಎಂದಳು. ಯುಗಾದಿ ಮಾರ್ಚ್ 19. ಬಾಯಿ ಮೊಬೈಲು ಮಡಿಲಲ್ಲಿಟ್ಟುಕೊಂಡು ಗರ್ಭದ ವಯಸ್ಸು ಹಾಕಿದಳು: "ಇವತ್ತಿಗೆ 27 ವಾರ 6 ದಿನ." ಸೊಸೆ ಗಾಬರಿಯಾದಳು. "ಏಳನೇದು ಅಂತ ಹೇಳಿದ್ರಲ್ರೀ ಎಲ್ಲಾರೂ?" ಏಳನೆಯದೇ. ಆದರೆ ಏಳನೇ ತಿಂಗಳು ಅಂದರೆ ಎಕ್ಸಾಮಿನರ್ ಒಪ್ಪುವುದಿಲ್ಲ, ಅವರಿಗೆ ಆರು ದಿನ ಬೇಕು.

ಹೊಟ್ಟೆ ನೋಡುವಾಗ ರೋಗಿಯ ಬಲಕ್ಕೆ ನಿಂತಿರಬೇಕು. ಎಡಕ್ಕೆ ನಿಂತರೆ ಮುಂದಿನದನ್ನು ಕೇಳುವ ಕಷ್ಟವನ್ನೂ ಕೆಲವು ಎಕ್ಸಾಮಿನರುಗಳು ತೆಗೆದುಕೊಳ್ಳುವುದಿಲ್ಲ. ಹೊರಸಿನ ಬಲಕ್ಕೆ ವಿಲಿಯಮ್ಸ್ ಹೊತ್ತ ಅಂತಸ್ತು. ಬಾಯಿ, ಏಳು ತಿಂಗಳ ಬಸುರಿಯನ್ನು ಎಬ್ಬಿಸಿ, ಹೊರಸು ತಿರುಗಿಸಿ, ಮತ್ತೆ ಮಲಗಿಸಿದಳು. "ದಿಕ್ಕ ಸರಿ ಇರಲಿಲ್ಲೇನೋ" ಎಂದು ಹೊರಗೆ ನಿಂತ ಹೆಂಗಸರು ಮಾತಾಡಿಕೊಂಡರು. ಮರುದಿನದಿಂದ ಬಂದವರೆಲ್ಲ ತಲೆ ಯಾವ ಕಡೆ ಮಾಡಬೇಕು ಎಂದು ಕೇಳಿಯೇ ಮಲಗುತ್ತಿದ್ದರು.

ರಾತ್ರಿಯ ಓದು ಬೇರೆ ಜಾತಿಯದು. ಅದು ಹೆಚ್ಚಾಗಿ ವಾಟ್ಸ್ಯಾಪಿನಲ್ಲಿ ನಡೆಯುತ್ತದೆ. ನಾಲ್ವರು ಎಕ್ಸಾಮಿನರುಗಳಲ್ಲಿ ಇಬ್ಬರು ಹೊರಗಿನವರು. ಅವರು ಯಾರು, ಯಾವ ಊರು, ಯಾವುದರ ಮೇಲೆ ಪೇಪರ್ ಬರೆದಿದ್ದಾರೆ, ಮಧ್ಯಾಹ್ನ ಊಟದ ಮೊದಲು ಸಿಟ್ಟೋ ಆಮೇಲೆ ಸಿಟ್ಟೋ ಎಂಬ ಸಂಶೋಧನೆ. ಮೂರು ವರ್ಷ ಹೆಣಗಿ ಬರೆದ ಥೀಸಿಸ್ಸಿಗೂ ಇಷ್ಟು ಆಳವಾದ ದತ್ತಾಂಶ ಸಂಗ್ರಹವಾಗಿರುವುದಿಲ್ಲ. ಇದು ಬರೀ ಭಯವಲ್ಲ, ಶಾಸ್ತ್ರದ ಅಗತ್ಯವೂ ಹೌದು. ಹೆರಿಗೆ ಬಿರುಸು ಹಿಡಿಯುವ ಹಂತ ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಾಗ ಶುರು ಎಂದು ಬಹುಕಾಲ ಪಾರ್ಟೋಗ್ರಾಫ್ ಎಂಬ ಹೆರಿಗೆಯ ಹಾಳೆ ಬರೆಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಹಾಳೆ ಕೊಟ್ಟು ಐದು ಎಂದಿತು. ಹಳೇ ಫ್ರೀಡ್‌ಮನ್ ಓದಿದವರು ಮೂರಕ್ಕೇ ಶುರುಮಾಡುತ್ತಾರೆ. ಆದ್ದರಿಂದ ಸರಿಯುತ್ತರ ಎಷ್ಟು ಸೆಂಟಿಮೀಟರ್ ಎಂಬುದು ಎದುರಿಗೆ ಕೂತವರು ಯಾವ ವರ್ಷ ಎಂ.ಎಸ್. ಮುಗಿಸಿದರು ಎಂಬುದರ ಮೇಲೆ ನಿಂತಿದೆ.

ಇನ್ನು ಉಪಕರಣಗಳ ಟೇಬಲ್. ಬಾಯಿ ಜಿಲ್ಲಾ ಆಸ್ಪತ್ರೆಯ ಮೂರು ತಿಂಗಳ ಕಡ್ಡಾಯ ಸೇವೆಯಲ್ಲಿ, ನಡುರಾತ್ರಿಯ ಸಿಸೇರಿಯನ್ನಿನಲ್ಲಿ, ಕಣ್ಣು ತೆರೆಯದೆ ಕೈ ಚಾಚಿದರೆ ಸಿಸ್ಟರು ಬೇಕಾದದ್ದನ್ನೇ ಇಡುತ್ತಿದ್ದರು. "ಅದು ಕೊಡ್ರಿ" ಅಂದರೆ ಡೋಯೆನ್ ರಿಟ್ರ್ಯಾಕ್ಟರ್. "ಅದಲ್ಲ, ಅದು" ಅಂದರೆ ಗ್ರೀನ್-ಆರ್ಮಿಟೇಜ್. ಈಗ ಎಲ್ಲಕ್ಕೂ ಹೆಸರು ಬೇಕು, ಹೆಸರಿಗೊಂದು ಚರಿತ್ರೆ ಬೇಕು. ಇಕ್ಕುಳ ಹಿಡಿದರೆ, ಇಂಗ್ಲೆಂಡಿನ ಚೇಂಬರ್ಲೇನ್ ಮನೆತನದವರು ಅದನ್ನು ನೂರು ವರ್ಷಕ್ಕೂ ಮಿಕ್ಕಿ ಗುಟ್ಟಾಗಿಟ್ಟು, ದೊಡ್ಡ ಪೆಟ್ಟಿಗೆಯಲ್ಲಿ ಹೊತ್ತು ತಂದು, ಬಸುರಿಯ ಕಣ್ಣಿಗೆ ಬಟ್ಟೆ ಕಟ್ಟಿ ಕೆಲಸ ಮಾಡುತ್ತಿದ್ದರಂತೆ ಎಂಬಲ್ಲಿಂದ ಹಿಡಿದು, ಕಲಕತ್ತೆಯ ಕೇದಾರನಾಥ ದಾಸರು 1929ರಲ್ಲಿ ಇಕ್ಕುಳಗಳ ಮೇಲೆಯೇ ಬೃಹತ್ ಗ್ರಂಥ ಬರೆದರು ಎಂಬವರೆಗೆ ಬರಬೇಕು. ಗರ್ಭದ ಬಾಯಿ ಸಡಿಲವಾಗಿ ಕೂಸು ನಿಲ್ಲದವರಿಗೆ ಹಾಕುವ ಹೊಲಿಗೆ ಶಿರೋಡ್ಕರ್ ಅವರದು, 1955ರದು. ಇದನ್ನು ಮುತ್ಯಾನ ಮುಂದೆ ಒಪ್ಪಿಸುವಾಗ ಬಾಯಿ, ಅವರು ಗೋವಾದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಶಾಲೆ ಕಲಿತವರು ಎಂದುಬಿಟ್ಟಳು. ಮುತ್ಯಾನಿಗೆ ಉಳಿದದ್ದೊಂದೂ ತಿಳಿಯದಿದ್ದರೂ ಆ ಮಾತು ಹಿಡಿಸಿತು. ಈಗ ಮನೆಗೆ ಬಂದ ಬೀಗರಿಗೆಲ್ಲ, ಚಹಾ ಬರುವ ಮುಂಚೆ, "ಹುಬ್ಬಳ್ಳ್ಯಾಗ ಸಾಲಿ ಕಲತ ಮನಿಷ್ಯಾ ಜಗತ್ತಿನ ಬಸರೆಂಗಸ್ರಿಗೆ ಹೊಲಿಗಿ ಹಾಕೂದು ಕಲಿಸ್ಯಾನ" ಎಂದು ಹೇಳುತ್ತಾನೆ. ಬೀಗರು ಟೇಲರ್ ಇರಬೇಕು ಅಂದುಕೊಂಡು ತಲೆಯಾಡಿಸುತ್ತಾರೆ.

ವರನ ಕಡೆಯವರ ವಿಚಾರ ಬೇಡ. 'ಪರೀಕ್ಷಾ ಮುಗೀಲಿ' ಎಂದು ತಳ್ಳಿದ ಸಂಬಂಧಗಳಲ್ಲಿ ಇಬ್ಬರಿಗೆ ಈಗ ಮಕ್ಕಳಾಗಿವೆ. ಒಂದು ಹೆರಿಗೆ ಬಾಯಿಯ ಡ್ಯೂಟಿಯಲ್ಲೇ ಆಯಿತು.

ಪರೀಕ್ಷೆ ಅಂದರೆ ನೂರು ಅಂಕದ ನಾಲ್ಕು ಪೇಪರು, ಒಂದೊಂದಕ್ಕೆ ಮೂರು ತಾಸು. ಆಮೇಲೆ ಪ್ರ್ಯಾಕ್ಟಿಕಲ್ ಮತ್ತು ವೈವಾ. ಥಿಯರಿಯಲ್ಲೂ ಪ್ರ್ಯಾಕ್ಟಿಕಲ್‌ನಲ್ಲೂ ಬೇರೆಬೇರೆಯಾಗಿ ನೂರಕ್ಕೆ ಐವತ್ತು ಬಂದರೆ ಪಾಸು. ಈ ಸಂಗತಿ ಅದು ಹೇಗೋ ಕಟ್ಟೆಗೆ ತಲುಪಿತು. "ಐವತ್ತಾ? ಬರೇ ಐವತ್ತಕ್ಕ ಇಷ್ಟ ಒದ್ದ್ಯಾಡ್ತಾಳಾ? ನಮ್ಮ ಹುಡುಗ ಹತ್ತನೇತ್ತ್ಯಾಗ ತೊಂಬತ್ತೆರಡ ತಗದಾನ, ಅದೂ ಕ್ರಿಕೆಟ್ ಆಡಕೋತ" ಎಂದರೊಬ್ಬರು. ಅವರ ಸೊಸೆಯೇ ಶೆಡ್ಡಿನ ಹೊರಸಿನ ಮೇಲೆ ಮಲಗಿದ್ದವಳು.

ನನ್ನ ತೀರ್ಮಾನ ಕೇಳಿದರೆ ಈ ಬಾಯಿಯಂಥವರು ಪಾಸಾಗುತ್ತಾರೆ. ಕಾಕಾ, ಆಯಿ, ಎಳ್ಳಮಾಸಿಯ ಸಾಲು ಇಷ್ಟನ್ನು ದಾಟಿದವರಿಗೆ ನಾಲ್ವರು ಎಕ್ಸಾಮಿನರು ದೊಡ್ಡ ಮಾತಲ್ಲ. ತೊಂದರೆ ಇರುವುದು ಪರೀಕ್ಷೆಯವರೆಗಿನ ದಿನಗಳದು. ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಲ್ಲೂ ಇಂಥ ಬಾಯಿ ರಜೆಗೆ ಬಂದಿದ್ದರೆ ಅವಳನ್ನು ಓದಲು ಬಿಡಿ. ಬಸುರಿಯರ ತಪಾಸಣೆ ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ನಡೆಯುತ್ತದೆ. ತಾಯಿ ಕಾರ್ಡು ಮರೆಯದೆ ಒಯ್ಯಿರಿ. ಕಡೆಗೆ ಹೊರಗಾದ ದಿನ ಹುಣ್ಣಿಮೆಗೆ ಎಷ್ಟು ಮುಂಚೆ ಎಂಬುದನ್ನೂ ನೆನಪಿಟ್ಟು ಹೋಗಿ. ಅಲ್ಲಿಯೂ ಯಾರೋ ಒಬ್ಬಳು ಪರೀಕ್ಷೆಗೆ ಓದುತ್ತಿರುತ್ತಾಳೆ.