ಧಾತು ಸಂವತ್ಸರದವರು

ಸುಗ್ಗಿ ಮುಗಿದು ರಾಗಿ ಮನೆ ಸೇರುವ ಹೊತ್ತಿಗೆ ನಮ್ಮ ಕಣಕಟ್ಟೆ ಕಡೆಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ನಿಂತು, ಆ ಮನೆಯ ಹಿರೀಕರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಹೊಗಳುವುದು ಅವರ ಕಸುಬು. ಪಕ್ಕದಲ್ಲೇ ದೊಡ್ಡಪ್ಪನ ಮನೆ. ನಡುವೆ ಗೋಡೆ ಒಂದೇ, ಮೂಲಪುರುಷನೂ ಒಬ್ಬನೇ. ಅಲ್ಲಿ ಹೆಸರುಗಳು ಸಾಲುಗಟ್ಟಿ ಬರುತ್ತಿದ್ದವು. ನಮ್ಮ ಬಾಗಿಲಿಗೆ ಬಂದರೆ ತಾತ, ಅಪ್ಪ, ಆಮೇಲೆ ಚಡ್ಡಿ ಹಾಕಿಕೊಂಡು ನಿಂತ ನಾನು, ಅಲ್ಲಿಗೆ ಮುಕ್ತಾಯ. "ನಿಮ್ಮನೇದು ಬಲು ಬೇಗ ಮುಗ್ದೋಯ್ತದೆ ಕಣವ್ವಾ" ಎಂದು ಹೆಳವ ಅಮ್ಮನಿಗೆ ಹೇಳುತ್ತಿದ್ದ. ಆದರೂ ರಾಗಿ ಮಾತ್ರ ಎರಡೂ ಮನೆಯಿಂದ ಒಂದೊಂದು ಮೊರ. ಹೆಸರಿಗಿಷ್ಟು ಎಂದು ಲೆಕ್ಕ ಹಾಕಿದ್ದರೆ ನಮಗೆ ಉಳಿತಾಯವಾಗುತ್ತಿತ್ತು ಎಂದು ಅಮ್ಮನ ವಾದ.

ವಿಷಯ ಏನೆಂದರೆ, ನಮ್ಮ ತಾತ ಹುಟ್ಟಿದ್ದು ಧಾತು ಸಂವತ್ಸರದಲ್ಲಿ. ಹಳಬರ ಬಾಯಲ್ಲಿ ಧಾತು-ಈಶ್ವರದ ಬರ ಎಂದೇ ಉಳಿದುಹೋದ ಆ ಮಹಾಕ್ಷಾಮ ಶುರುವಾದ ವರ್ಷ, 1876. ಅಪ್ಪ ಹುಟ್ಟಿದ್ದೂ ಧಾತು ಸಂವತ್ಸರದಲ್ಲೇ. ಆದರೆ ಅದು ಅರವತ್ತರ ಚಕ್ರ ಒಂದು ಸುತ್ತು ತಿರುಗಿ ಬಂದ ಧಾತು, 1936. ಬೇರೆಯವರು ಷಷ್ಟಿಪೂರ್ತಿ ಮಾಡಿಸಿಕೊಂಡು ಮೊಮ್ಮಕ್ಕಳ ಕೈಲಿ ಆರತಿ ಎತ್ತಿಸಿಕೊಳ್ಳುವ ವಯಸ್ಸಿನಲ್ಲಿ ನಮ್ಮ ತಾತ ತೊಟ್ಟಿಲು ತೂಗಿದರು. ಟ್ರಂಕಿನಲ್ಲಿದ್ದ ಇಬ್ಬರ ಜಾತಕದಲ್ಲೂ ಸಂವತ್ಸರದ ಹೆಸರಷ್ಟೇ ಇದ್ದು ಇಸವಿ ಇಲ್ಲದ್ದರಿಂದ, ತಂದೆ ಮಗ ಇಬ್ಬರೂ ಅವಳಿಜವಳಿ ಎಂದು ವಾದಿಸಿದರೂ ನಡೆಯುತ್ತಿತ್ತು. ಮೂರನೆಯ ಧಾತು 1996ರಲ್ಲಿ ಬಂತು. ನನಗಾಗ ಮದುವೆಯೇ ಆಗಿರಲಿಲ್ಲವಾಗಿ ಮನೆತನದ ಸಂಪ್ರದಾಯ ತಪ್ಪಿಹೋಯಿತು.

ನಾನು ಹುಟ್ಟಿದ್ದು 1972ರಲ್ಲಿ. ತಾತನಿಗೂ ನನಗೂ ತೊಂಬತ್ತಾರು ವರ್ಷ ಅಂತರ. ಅಪ್ಪ ಕಾಲವಾದ ಮೇಲೆ ಪೌತಿ ಖಾತೆಗೆಂದು ವಂಶವೃಕ್ಷ ಬರೆಸಲು ಹೋದಾಗ, ಅರ್ಜಿ ಬರೆಯುವವರು ಇಸವಿಗಳ ಮೇಲೆ ಪೆನ್ನು ಆಡಿಸಿ, "ನಡುವೆ ಒಬ್ರು ಬಿಟ್ಟೋಗವ್ರೆ ಸಾರ್, ಮನೇಲಿ ಕೇಳ್ಕೊಂಡು ಬನ್ನಿ" ಎಂದರು. ಕೇಳಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಇದ್ದವರಲ್ಲಿ ನಾನೇ ಹಿರಿಯ.

ಹೀಗೆ ಹಿರಿಯನಾಗುವುದರ ಸಂಕಟ ನನಗೆ ಚಿಕ್ಕಂದಿನಿಂದಲೂ ಗೊತ್ತು. ತಾತನ ಮೊದಲ ಹೆಂಡತಿಯ ಕವಲು ಇಪ್ಪತ್ತು ಇಪ್ಪತ್ತೊಂದು ವರ್ಷಕ್ಕೊಂದು ತಲೆಮಾರಿನಂತೆ ದಾಪುಗಾಲು ಹಾಕಿತ್ತು. ಹಾಗಾಗಿ ದೊಡ್ಡಪ್ಪನ ಮೊಮ್ಮಗನೊಬ್ಬ ನನಗಿಂತ ಮೂವತ್ತನಾಲ್ಕು ವರ್ಷ ದೊಡ್ಡವನು, ವರಸೆಯಲ್ಲಿ ನನಗೆ ಮಗ. ಮದುವೆಮನೆಯಲ್ಲಿ ನರೆತ ಮೀಸೆ ತಿರುವುತ್ತಾ, ಹೆಗಲ ಮೇಲಿನ ಟವೆಲ್ ಕೊಡವಿ, "ಚಿಕ್ಕಪ್ಪಂಗೆ ಎಲೆ ಹಾಕ್ರೋ ಮೊದ್ಲು!" ಎಂದು ಗುಡುಗುತ್ತಿದ್ದ. ಪಂಕ್ತಿಯ ಜನವೆಲ್ಲ ಯಾವ ಯಜಮಾನರು ಬಂದರೋ ಎಂದು ತಿರುಗಿ ನೋಡಿದರೆ, ಮೂಗೊರೆಸಿಕೊಳ್ಳುತ್ತಾ ನಾನು. ಅವನ ಮಗನಿಗೂ ನನಗಿಂತ ಹನ್ನೆರಡು ವರ್ಷ ಹೆಚ್ಚು. ಆತ ನನಗೆ ಸೈಕಲ್ ಕಲಿಸಿದ. ಬಿದ್ದಾಗೆಲ್ಲ "ಏಳು ತಾತ" ಎಂದು ಎಬ್ಬಿಸುತ್ತಿದ್ದ.

ಈ ಲೆಕ್ಕದ ಹುಚ್ಚು ಹಿಡಿದ ಮೇಲೆ ನಾನು ಚರಿತ್ರೆಯ ಪುಸ್ತಕವನ್ನೂ ಹೆಳವನ ಹಾಗೇ ಓದತೊಡಗಿದೆ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ನಮ್ಮ ಅರಸೀಕೆರೆಯಲ್ಲಿ ನಕ್ಷತ್ರದಂಥ ಮಂಟಪವಿರುವ ಈಶ್ವರ ದೇವಾಲಯ 1220ರ ಹೊತ್ತಿನದು, ಇಮ್ಮಡಿ ವೀರಬಲ್ಲಾಳನ ಕೊನೆಗಾಲ. ಎರಡರ ನಡುವೆ ನೂರ ಮೂರು ವರ್ಷ. ಆದರೆ ಈ ಬಲ್ಲಾಳ ಆ ವಿಷ್ಣುವರ್ಧನನ ಸಾಕ್ಷಾತ್ ಮೊಮ್ಮಗ. ನಡುವೆ ಇರುವವನು ನರಸಿಂಹ ಒಬ್ಬನೇ. ಪಟ್ಟಕ್ಕೆ ಬಂದಾಗ ಅವನೂ ತೀರಾ ಎಳೆಯನಾಗಿದ್ದ ಎನ್ನುತ್ತಾರೆ. ಅಲ್ಲಿಗೆ ನಮ್ಮ ಸೀಮೆಯ ನೀರಿನ ಗುಣವೇ ಇದು ಎಂದು ನನಗೆ ಸಮಾಧಾನ.

ಮೈಸೂರಿನವರೂ ಕಡಿಮೆಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಮಗುವಾಗಿ ಪಟ್ಟಕ್ಕೆ ಕೂತಿದ್ದು ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ. ಅವರ ಮೊಮ್ಮಗ ನಾಲ್ವಡಿಯವರು ತೀರಿಕೊಂಡಿದ್ದು 1940ರಲ್ಲಿ, ಹಿಟ್ಲರನ ವಿಮಾನಗಳು ಇಂಗ್ಲೆಂಡಿನ ಕಡೆ ಹಾರುತ್ತಿದ್ದ ಕಾಲಕ್ಕೆ. ತಾತ ಹುಟ್ಟಿದ್ದು 1794, ಮೊಮ್ಮಗ 1884, ತೊಂಬತ್ತು ವರ್ಷ. ಅಂದರೆ ಅರಮನೆಯವರಿಗಿಂತ ಆರು ವರ್ಷ ನಾವೇ ಮುಂದು. ಅಲ್ಲದೆ ಅವರದರಲ್ಲಿ ದತ್ತಕದ ಕೈವಾಡವಿದೆ. ಮುಮ್ಮಡಿಯವರು ಎಪ್ಪತ್ತು ದಾಟಿದ ಮೇಲೆ, 1865ರಲ್ಲಿ, ಮಗಳ ಮಗ, ಮುಂದೆ ನಾಲ್ವಡಿಯವರ ತಂದೆಯಾದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಮೊಮ್ಮಗ ಮಗನಾದ ಆ ಗಳಿಗೆಯಲ್ಲಿ ಹೆತ್ತ ತಾಯಿಯೇ ಕಾಗದದ ಪ್ರಕಾರ ಅಕ್ಕನಾದರಲ್ಲ! ಅಕ್ಕನ ಮಗಳನ್ನು ತಮ್ಮ ಮದುವೆಯಾಗುವ ನಮ್ಮಂಥವರ ನಾಡಿನಲ್ಲಿ ಇದನ್ನು ಯಾರೂ ದೊಡ್ಡ ಗೋಜಲು ಎಂದುಕೊಂಡಿರಲಾರರು.

ಇವರೆಲ್ಲರ ಅಜ್ಜ ಅಮೆರಿಕದಲ್ಲಿದ್ದ. ಹತ್ತನೆಯ ಅಧ್ಯಕ್ಷ ಜಾನ್ ಟೈಲರ್. ಟಿಪ್ಪುವಿಗೂ ಇಂಗ್ಲಿಷರಿಗೂ ಮೂರನೇ ಯುದ್ಧ ಹೊತ್ತಿಕೊಂಡ 1790ರಲ್ಲಿ ಹುಟ್ಟಿದವನು. ಅವನಿಗೆ ಅರವತ್ತಮೂರರಲ್ಲಿ ಒಬ್ಬ ಮಗ, ಆ ಮಗನಿಗೆ ಎಪ್ಪತ್ತೈದರಲ್ಲಿ ಒಬ್ಬ ಮಗ. ಈ ಮೊಮ್ಮಗ ಹ್ಯಾರಿಸನ್ ಟೈಲರ್ ತೀರಿಕೊಂಡಿದ್ದು 2025ರ ಮೇ ತಿಂಗಳಲ್ಲಿ. ಸುದ್ದಿ ಓದಿದ ದಿನ ನಮ್ಮ ಮನೆತನದ ಜಂಬ ಸ್ವಲ್ಪ ಇಳಿಯಿತು.

ಆದರೆ ಈ ದಾಖಲೆಗಳೆಲ್ಲ ಗಂಡಸರವು. ಟೈಲರ್ ಎರಡನೇ ಮದುವೆಯಾದಾಗ ಅವನಿಗೆ ಐವತ್ತನಾಲ್ಕು, ಹುಡುಗಿಗೆ ಇಪ್ಪತ್ತನಾಲ್ಕು. ಅವನು ಹೋದ ಮೇಲೆ ಆಕೆ ಇಪ್ಪತ್ತೇಳು ವರ್ಷ ಬದುಕಿದ್ದಳು. ನಮ್ಮ ಅಜ್ಜಿಗೆ ಆ ಇಪ್ಪತ್ತನಾಲ್ಕೂ ಆಗಿರಲಿಲ್ಲ. ಮನೆಗೆ ಬಂದ ದಿನವೇ ತನಗಿಂತ ಇಪ್ಪತ್ತು ವರ್ಷ ಹಿರಿಯ ಸೊಸೆ ಬಂದು ಕಾಲಿಗೆ ಬಿದ್ದಳಂತೆ, ಅಜ್ಜಿ ಹೆದರಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳಂತೆ. ಅಪ್ಪನಿಗೆ ಬುದ್ಧಿ ತಿಳಿಯುವ ಮೊದಲೇ ತಾತ ಹೊರಟುಹೋದರು. ಆಮೇಲೆ ಭಾಗದಲ್ಲಿ ಬಂದ ಮೂವತ್ತು ತೆಂಗಿನ ಮರ, ಕಾಯಿ ಒಣಗಲು ವರ್ಷ ಹಿಡಿಯುವ ಅಟ್ಟ, ಅರಸೀಕೆರೆಯ ಕೊಬ್ಬರಿ ದಲ್ಲಾಳಿ, ಮತ್ತು ಅಜ್ಜಿ. ಹೆಳವ ಹೇಳುವ ಸಾಲಿನಲ್ಲಿ ಅವಳ ಹೆಸರಿರಲಿಲ್ಲ. ತಲೆಮಾರು ಇಷ್ಟುದ್ದ ಹಿಗ್ಗಿರುವ ಮನೆಗಳಲ್ಲಿ ಹುಡುಕಿದರೆ ಎಲ್ಲೋ ಒಂದು ಕಡೆ ಹೀಗೆ ಎಳೇ ವಯಸ್ಸಿನ ಒಬ್ಬ ವಿಧವೆ ಸಿಕ್ಕೇ ಸಿಗುತ್ತಾಳೆಂದು ನನ್ನ ಗುಮಾನಿ.

ಒಂದು ಲಾಭವಂತೂ ಇದೆ. ಹರಿಹರದವರೆಗೆ ರೈಲುಹಳಿ ಬಿದ್ದು ಅರಸೀಕೆರೆಯಲ್ಲಿ ಗಾಡಿ ನಿಲ್ಲತೊಡಗಿದ 1889ರ ಸುಮಾರಿಗೆ ತಾತ ಹನ್ನೆರಡು ಹದಿಮೂರರ ಹುಡುಗ. ಇಂಜಿನ್ನಿನ ಕೂಗಿಗೆ ಎತ್ತುಗಳು ಹಗ್ಗ ಕಿತ್ತು ಓಡಿದ ಕಥೆಯನ್ನು ಅವರು ಅಜ್ಜಿಗೆ ಹೇಳಿದ್ದರು, ಅಜ್ಜಿ ನನಗೆ ಹೇಳಿದಳು. ನಡುವೆ ಒಂದೇ ಬಾಯಿ. ನಮ್ಮ ಮನೆಯ ಈ ನಡಿಗೆಯಲ್ಲೇ ಲೆಕ್ಕ ಹಾಕಿದರೆ ವಿಷ್ಣುವರ್ಧನನ ಕಾಲದಿಂದ ಇಲ್ಲಿವರೆಗೆ ಹತ್ತೊಂಬತ್ತೇ ಜನ. ಒಂದೇ ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸಿಬಿಡಬಹುದು. ದೊಡ್ಡಪ್ಪನ ಮನೆಯವರಾದರೆ ನಲವತ್ತಕ್ಕೂ ಮೇಲೆ. ಅವರಿಗೆ ಛತ್ರವೇ ಬೇಕು.

ನಾನೂ ತಡಮಾಡಿದವನೇ. ಮಗಳು ಹುಟ್ಟಿದ್ದು 2010ರಲ್ಲಿ. ಅವಳು ಹುಟ್ಟುವಾಗಲೇ ಅತ್ತೆ, ಅಜ್ಜಿ ಎರಡೂ ಆಗಿದ್ದಳು. ಹೋದ ವರ್ಷ ಗೋಡೆಯಾಚೆಯ ಮನೆಯಲ್ಲಿ ಇನ್ನೊಂದು ಮಗು ಹುಟ್ಟಿ ಮುತ್ತಜ್ಜಿಯೂ ಆದಳು. ನಾಮಕರಣಕ್ಕೆ ಕರೆಯಲು ಬಂದವರು ಹಿರಿಯರೆಂದು ಮೊದಲು ಅವಳ ಕೈಗೇ ಅರಿಶಿನ ಕುಂಕುಮ ಕೊಟ್ಟರು. ಮುತ್ತಜ್ಜಿ ಕ್ಯಾಲೆಂಡರ್ ನೋಡಿ, ಅವತ್ತು ಒಂಬತ್ತನೇ ಕ್ಲಾಸಿನ ಗಣಿತ ಟೆಸ್ಟ್ ಇದೆ, ಬರೋಕಾಗಲ್ಲ ಎಂದಳು.